ಸಡಿಲ ಬಿಡಬೇಕಿದ್ದ ಬೋಲ್ಟು

ಕೆಲವು ವರ್ಷಗಳ ಹಿಂದೆ ಅಬುಧಾಬಿಯ ಒಂದು ಸ್ಟೀಲ್ ಫ್ಯಾಬ್ರಿಕೇಷನ್ ಕಂಪನಿಯಲ್ಲಿ ನಾನು ಕನೆಕ್ಷನ್ ಡಿಸೈನ್ ವಿಭಾಗದ ಸೀನಿಯರ್ ಎಂಜಿನಿಯರ್ ಆಗಿದ್ದೆ. ತೊಲೆ ಕಂಬಕ್ಕೋ ಗೋಡೆಗೋ ಹೇಗೆ ಸೇರಬೇಕು, ಎಷ್ಟು ಬೋಲ್ಟು ಬೇಕು ಎಂದು ಲೆಕ್ಕ ಹಾಕುವುದು ನನ್ನ ಕೆಲಸ.

ಆಗ ಅದೇ ಸೀಮೆಯ ರುವೈಸಿನಲ್ಲಿ ನಾವು ಡಿಸೈನ್ ಮಾಡಿದ್ದ ಒಂದು ಗೋದಾಮು ಏಳುತ್ತಿತ್ತು. ಅಲ್ಲಿಯ ಬಿಸಿಲಿಗೆ ಉಕ್ಕು ಹಿಗ್ಗುತ್ತದೆ. ಹಿಗ್ಗಿದ ತೊಲೆ ಜಾರಿಕೊಳ್ಳಲೆಂದು ಒಂದು ತುದಿಯಲ್ಲಿ ಉದ್ದನೆಯ ತೂತು ಕೊಟ್ಟು ಬೋಲ್ಟನ್ನು ಸಡಿಲ ಬಿಡುತ್ತೇವೆ. 'ಬಿಗಿಯಬಾರದು, ವೆಲ್ಡ್ ಮಾಡಬಾರದು' ಎಂಬ ಸೂಚನೆಯನ್ನು ಎಲ್ಲರ ಹಾಗೆ ನಾನೂ ಡ್ರಾಯಿಂಗುಗಳ ಮೊದಲಿಗಿರುವ ಜನರಲ್ ನೋಟ್ಸ್ ಶೀಟಿನಲ್ಲಿ ಬರೆದಿದ್ದೆ. ಆ ಶೀಟು ಸೈಟ್ ಆಫೀಸಿನ ಫೈಲು ಬಿಟ್ಟು ಕದಲುವುದಿಲ್ಲ ಎಂಬುದು ಈ ಕಸುಬಿನವರಿಗೆಲ್ಲ ಗೊತ್ತು.

ಜೂನಿನಲ್ಲಿ, ತೊಲೆಗಳು ಕೂತಿದ್ದ ಕಾಂಕ್ರೀಟ್ ಗೋಡೆ ಬಿರುಕು ಬಿಟ್ಟಿತು. ನೋಡಿದರೆ ಸಡಿಲ ತುದಿಗಳನ್ನೆಲ್ಲ ವೆಲ್ಡ್ ಮಾಡಲಾಗಿತ್ತು; ಹಿಗ್ಗಿದ ತೊಲೆ ಜಾರಲಾಗದೆ ಗೋಡೆಯನ್ನೇ ತಳ್ಳಿತ್ತು. ವೆಲ್ಡ್ ಮಾಡಿಸಿದವನು ತೊಲೆ ಕೂರಿಸುವ ಕಂಟ್ರಾಕ್ಟರನ ಫೋರ್‌ಮನ್ ಬಸವರಾಜ, ಬಾಗಲಕೋಟೆ ಕಡೆಯವನು.

ಅವನನ್ನು ಕೆಲಸದಿಂದ ತೆಗೆಯಿರಿ ಎಂದು ಮೀಟಿಂಗಿನಲ್ಲಿ ಕ್ಲೈಂಟ್ ಕಡೆಯವರು ಪಟ್ಟು ಹಿಡಿದರು. ತೆಗೆದರೆ ವೀಸಾ ರದ್ದಾಗಿ ಊರಿಗೆ ವಾಪಸು. ನಮ್ಮ ಮ್ಯಾನೇಜರ್ ಶೆಟ್ಟರು ನನ್ನ ಕಿವಿಯಲ್ಲಿ, "ನೀನು ಸುಮ್ನಿರು ಮಾರಾಯ. ನೋಟ್ ಉಂಟಲ್ಲ, ನಮಗೆಂತ ತೊಂದರೆ ಇಲ್ಲ" ಎಂದರು. ನಾನು ಸುಮ್ಮನೆ ಕೂತೆ.

ಬಾಗಿಲ ಬಳಿ ನಿಂತಿದ್ದ ಬಸವರಾಜ ನನ್ನತ್ತ ತಿರುಗಿದ. "ಸಡಲ ಇತ್ರಿ ಸರ. ಕೆಳಗ ಮಂದಿ ಅಡ್ಡಾಡ್ತಾರ, ಬಿದ್ದು ಗಿದ್ದೀತಂತ ವೆಲ್ಡ್ ಮಾಡ್ಸೀನಿ. ಹಂಗ ಬಿಡಬೇಕಂತ ನಂಗ್ಯಾರೂ ಹೇಳಿಲ್ರಿ."

ನಾಚಿಕೆಯಿಂದ ಮುಖ ಬಿಸಿಯಾಯಿತು. ಅವನು ಹೇಳುವವರೆಗೂ ನನಗೆ ಬಾಯಿ ಬಂದಿರಲಿಲ್ಲ. "ತಪ್ಪು ನಮ್ಮ ಡ್ರಾಯಿಂಗಿನದು" ಎಂದೆ. "ಆ ಮಾತನ್ನು ಬೋಲ್ಟಿನ ಪಕ್ಕದಲ್ಲೇ ಬರೆಯಬೇಕಿತ್ತು." ಶೆಟ್ಟರು ಹಣೆ ಚಚ್ಚಿಕೊಂಡರು. ರಿಪೇರಿ ಖರ್ಚು ನಮ್ಮ ಕಂಪನಿಯ ತಲೆಗೆ ಬಂತು, ಬಸವರಾಜನ ಕೆಲಸ ಉಳಿಯಿತು.

ಸೂಚನೆ ಬರೆದರೆ ಸಾಲದು, ಸ್ಪ್ಯಾನರ್ ಹಿಡಿದವನ ಕಣ್ಣಿಗೆ ಬೀಳಬೇಕು ಎಂದು ಕಲಿತೆ. ಈಗ ಪ್ರತಿ ಜಾರುವ ತುದಿಯ ಪಕ್ಕದಲ್ಲೂ ಬರೆಯುತ್ತೇನೆ, ಸೈಟಿಗೆ ಹೋಗಿ ಬಾಯಲ್ಲೂ ಹೇಳುತ್ತೇನೆ. ಆದರೂ ಅಂದಿನ ನಾಚಿಕೆ ಹೋಗಿಲ್ಲ.

ಅಂದು ಮೀಟಿಂಗ್ ಮುಗಿಸಿ ಹೊರಗೆ ಬಂದಾಗ ಬಸವರಾಜ ಊರಿನಲ್ಲಿದ್ದ ಹೆಂಡತಿಗೆ ಫೋನ್ ಹಚ್ಚಿ, ನಡೆದದ್ದು ಹೇಳಿ ನನ್ನ ಕೈಗೆ ಕೊಟ್ಟ.

"ನಿಮ್ಮಿಂದ ನಮ್ಮ ಮನಿ ಉಳೀತ್ರಿ ಸರ" ಎಂದಳು ಆಕೆ.

"ಇಲ್ಲಮ್ಮ, ತಪ್ಪು ನನ್ನದೇ."

"ದೊಡ್ಡೋರು ಹಂಗ ಅಂತೀರ್ರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ."

ಫೋನ್ ವಾಪಸು ಕೊಡುವಾಗ ಬಸವರಾಜನ ಮುಖ ನೋಡಲಾಗಲಿಲ್ಲ.