ಕೆಂಪು ಡಬ್ಬಿಯ ಮೇಲೆ ಹೊರಿಸಿದ ತಪ್ಪು

ನನ್ನ ಮೊಮ್ಮಗಳು ಕೊಟ್ಟೂರಿನಲ್ಲಿ ತನ್ನದೇ ಆಫೀಸು ತೆರೆದಳು. ಇನ್ನೂ ಪಾಯ ತೋಡದ ಮನೆಯನ್ನು ಕಂಪ್ಯೂಟರಿನೊಳಗೆ ಕಟ್ಟಿ, ಬಾಗಿಲು ತೆಗೆದು, ಅಡುಗೆಮನೆ ಪಡಸಾಲೆಯಲ್ಲೆಲ್ಲ ನಮ್ಮನ್ನು ಓಡಾಡಿಸಿಕೊಂಡು ಬರುತ್ತಾಳೆ. ಮೂರನೇ ಕ್ಲಾಸಿಗೆ ಸಾಲಿ ಬಿಟ್ಟವಳು ನಾನು. ಸಂತೋಷ ಎದೆಯಲ್ಲಿ ಹಿಡಿಸದೆ, ಹಡಗಲಿ ಬಸ್ಸಿಗೆ ಕಾಯುತ್ತಿದ್ದ ಗುರುತಿಲ್ಲದ ಹೆಂಗಸರಿಗೂ ಹೇಳಿ ಅವರ ಕೈಗೆ ಸಕ್ಕರೆ ಹಾಕಿದೆ. ಹೇಳುತ್ತ ಹೇಳುತ್ತ ಅಳುವೇ ಬಂದುಬಿಟ್ಟಿತು. ಯಾಕೆ ಬಂತು ಎಂದು ಬರೆದಿಡಬೇಕು.

ಈ ಕೆಲಸಕ್ಕೆ ಗ್ರಾಫಿಕ್ಸ್ ಕಾರ್ಡು ಬೇಕು. ಇಟ್ಟಿಗೆಯಷ್ಟು ದಪ್ಪ, ಮೈಮೇಲೆ ಎರಡು ಫ್ಯಾನು. ಚಿತ್ರ ಮೂಡಿಸುವ ದುಡಿತವೆಲ್ಲ ಅದರದು. ಮಾಡುವ ದೊಡ್ಡ ಕಂಪನಿಗಳು ಎರಡಂತೆ. ಒಂದರ ಡಬ್ಬಿ ಹಸಿರು, ಇನ್ನೊಂದರದು ಕೆಂಪು. ನನಗೆ ತಿಳಿದ ಗುರುತು ಅಷ್ಟೇ. ನನ್ನ ಕಿರಿಯ ಮಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ, ಅವನು ಕೆಂಪಿನ ಕಡೆ. ಅವನ ಅಣ್ಣನ ಮಗಳು ಇವಳು, ಹಸಿರಿನ ಕಡೆ. ಊಟಕ್ಕೆ ಕೂತರೆ ಅದೇ ಜಗಳ.

"ಕಾಕಾ, ನಿನ್ನ ಕೆಂಪು ಕಂಪನಿ ಹ್ವಾದ ಸಲ ಏನ್ ಮಾಡ್ತು? ಅರ್ಧ ಕೆಲಸಕ್ಕ ಪರದಿ ಕರ್ರಗಾತು."

"ನಿನ್ನ ಹಸಿರು ಜೋರು ಓಡತೈತಿ, ಖರೆ. ಕರೆಂಟ್ ಎಷ್ಟ್ ಕುಡೀತೈತಿ? ಅದು ಶುರುವಾದ್ರ ಓಣಿ ಲೈಟೆಲ್ಲ ಮಿಣಿಮಿಣಿ ಅಂತಾವ."

"ಅಜ್ಜಿ, ನೀನಾ ಹೇಳು."

ಕುರಿ ಸಾಕಿದ ಮನೆಯವರು ನಾವು. ಟಗರು ಕೊಳ್ಳುವಾಗ ಅದರ ಕೊಂಬು ನೋಡಿ ಮರುಳಾಗುವುದಿಲ್ಲ. ಅದಕ್ಕೆ ಹುಟ್ಟಿದ ಮರಿಗಳು ಎರಡು ಬೇಸಿಗೆ ದಾಟಿದವೋ ಇಲ್ಲವೋ ಎಂದು ಕೇಳುತ್ತೇವೆ. "ಯಾವುದರ ಮರಿ ಬಾಳ್ಯಾವ, ಅದನ್ನ ತಗೋರಿ" ಎಂದೆ. ಮಗ ನಕ್ಕು, ಹಳೇ ಕ್ಯಾಲೆಂಡರಿನ ಹಾಳೆ ತಂದ. ಯಾವ ಕಂಪನಿಯ ಕಾರ್ಡು ತನ್ನ ಅಂಗಡಿಗೆ ಎಷ್ಟು ಸಲ ಕೆಟ್ಟು ಬಂತು ಎಂದು ಅದರ ಬೆನ್ನಿಗೆ ಗೀಟು ಹಾಕಿಟ್ಟಿದ್ದ. ಕೆಂಪಿನ ಕೆಳಗೆ ಗೀಟು ಕಡಿಮೆ. ಮೊಮ್ಮಗಳು ಸೋತಳು. ಕೆಂಪು ಡಬ್ಬಿ ಮನೆಗೆ ಬಂತು.

ಅವಳಿಗೆ ಸಿಕ್ಕ ಮೊದಲ ಕೆಲಸ ಅರಸೀಕೆರೆಯವರೊಬ್ಬರ ಮನೆಯದು. ಯಂತ್ರ ಎರಡು ದಿನ ಒಂದೇ ಸಮನೆ ದುಡಿಯಬೇಕು, ಮುಟ್ಟಬೇಡ ಎಂದು ನನಗೆ ಹೇಳಿ ಹರಪನಹಳ್ಳಿಗೆ ಹೋದಳು. ಬೇಸಿಗೆಯ ಮಧ್ಯಾಹ್ನ, ಕೆಂಧೂಳಿನ ಗಾಳಿ ಎದ್ದಿತು. ಕಿಟಕಿ ಸರಿಯಾಗಿ ಕೂರುತ್ತಿರಲಿಲ್ಲ, ಯಂತ್ರದ ಮೇಲೆಲ್ಲ ಧೂಳು. ಗಾಳಿ ಎದ್ದರೆ ಎಳೆಮರಿಗೆ ಕಂಬಳಿ ಹೊದಿಸುವ ಕೈ ನನ್ನದು. ಹಳೇ ಕರಿಕಂಬಳಿ ತಂದು ಸುತ್ತಲೂ ಹೊದಿಸಿ, ಸಂದಿ ಬಿಡದಂತೆ ಸಿಗಿಸಿದೆ. ಗುಂಯ್ ಎನ್ನುವ ಸದ್ದು ನಿಂತಾಗ, ಪಾಪ, ಈಗ ನೆಮ್ಮದಿಯಾಯಿತು ಎಂದುಕೊಂಡೆ. ಸುಟ್ಟ ವಾಸನೆ ಬಂದ ಮೇಲೆ ಕಂಬಳಿ ಕಿತ್ತು, ಮಡಚಿ, ಅಟ್ಟಕ್ಕೆ ಹಾಕಿದೆ.

ಸಂಜೆ ಮಗ ಬಂದು ಪಡಸಾಲೆಯಲ್ಲೇ ಕಾರ್ಡು ಬಿಚ್ಚಿದ. ಫ್ಯಾನಿನ ಬುಡಕ್ಕೆ ಕರೀ ಉಣ್ಣೆ ಸುತ್ತಿಕೊಂಡಿತ್ತು. ಚಿಮಟದಿಂದ ಒಂದೊಂದೇ ಎಳೆ ತೆಗೆದ. ನನ್ನ ಕಡೆ ನೋಡಿದ. ನಾನು ಅಕ್ಕಿ ಆರಿಸುತ್ತಲೇ ಇದ್ದೆ. ಉಣ್ಣೆಯನ್ನು ಉಂಡೆ ಮಾಡಿ ಜೇಬಿಗೆ ಹಾಕಿಕೊಂಡು, "ಕಂಪನಿದಾ ತಪ್ಪು, ಬಿಡವ್ವ. ಅಕಿಗೆ ಹಂಗಾ ಹೇಳ್ತೀನಿ" ಎಂದ.

ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮುಟ್ಟಬೇಡ ಎಂದಿದ್ದಳಲ್ಲ. ಒಂದೇ ತಾಟಿನಲ್ಲಿ ಉಣ್ಣುತ್ತಿದ್ದ ಹುಡುಗಿ ದೂರವಾದಾಳು ಎಂದು ಅಂಜಿದೆ.

ಕಾರ್ಡು ಸುಟ್ಟು ಕೆಲಸ ಹೊತ್ತಿಗೆ ಮುಗಿಯದೆ, ಅರಸೀಕೆರೆಯವರು ಬೇರೆ ಕಡೆ ಹೋದರು. ಇವಳು ಅಂಗಡಿಗೆ ಹೋಗಿ, ಗಿರಾಕಿಗಳ ಮುಂದೆಯೇ, ಎಂದೂ ಹಚ್ಚದ 'ರಿ' ಹಚ್ಚಿ ಅಂದಳಂತೆ: "ನಿಮ್ಮ ಗೀಟು ನಂಬಿ ಕೆಟ್ಟೆ. ಇನ್ನೊಬ್ರಿಗೆ ಹೇಳಬ್ಯಾಡ್ರಿ." ಅವನು ತಲೆ ತಗ್ಗಿಸಿಕೊಂಡು ಕೆಂಪಿನ ಕೆಳಗೆ ಒಂದು ಗೀಟು ಎಳೆದನಂತೆ. ಆಮೇಲೆ ಅವಳಿರುವ ಹೊತ್ತಿಗೆ ಊಟಕ್ಕೆ ಬರುವುದನ್ನು ಬಿಟ್ಟ. ಹಾಗೇ ಎರಡು ವರ್ಷ. ಹೋದ ಶ್ರಾವಣದಲ್ಲಿ, ಅಂಗಡಿಯ ಕುರ್ಚಿಯಲ್ಲಿ ಕೂತಲ್ಲೇ ಅವನ ಎದೆ ನಿಂತಿತು.

ಆಫೀಸು ತೆರೆದ ದಿನ, ಕೆಲಸಕ್ಕೆ ಸೇರಿದ ಹುಡುಗಿ ಎರಡನೇ ಯಂತ್ರಕ್ಕೆ ಯಾವ ಕಾರ್ಡು ತರಿಸಲಿ ಎಂದು ಕೇಳಿದಳು. ನನ್ನ ಮೊಮ್ಮಗಳು ಅಂದಳು: "ಕೆಂಪು ಮಾತ್ರ ಬ್ಯಾಡ. ನಮ್ಮ ಕಾಕನ ಮಾತು ಕೇಳಿ ಒಮ್ಮಿ ಮುಳುಗೇನಿ."

ಸತ್ತ ಮೇಲೂ ಅವನ ಮಾತಿಗೆ ಬೆಲೆಯಿಲ್ಲದಂತಾಯಿತೆ? ಅವಳನ್ನು ಒಳಗೆ ಕರೆದು ಕಂಬಳಿಯ ಸಂಗತಿ ಪೂರಾ ಹೇಳಿದೆ.

"ಕಾಕಗ ಗೊತ್ತಿತ್ತಾ?"

"ಗೊತ್ತಿತ್ತವ್ವ. ಫ್ಯಾನಿನಾಗಿನ ಕಂಬಳಿ ಎಳಿ ತಾನಾ ತಗದ."



"ಅವತ್ತಾ ಹೇಳಿದ್ರ ನಿನ್ನ ಮ್ಯಾಲ ಒಂದಿನ ಸಿಟ್ಟಾಗತಿದ್ದೆ, ಅಜ್ಜಿ. ಕಾಕನ ಕೂಡ ಇನ್ನೂ ಎರಡ್ ವರ್ಷ ಊಟಕ್ಕ ಕುಂತು ಕೆಂಪು ಹಸಿರು ಅಂತ ಜಗಳಾಡ್ತಿದ್ನೆಲ್ಲ."

ಬಯ್ಯಲಿ ಎಂದು ಕಾದೆ. ಬಯ್ಯಲಿಲ್ಲ.