ಕಾಗದದಾಗ ನಾ ಅವ್ವ

ಕಾರ್ಡ್ ಕೊಟ್ಟಾಕಿ ನಾನ. ನನ್ನ ಕೈ ಸೇದಿ ಹೋಗ್ಲಿ!

ಈ ಮರಾಠಿ ಶಹರದಾಗ, ಆಂಟಾಪ್ ಹಿಲ್‌ನಾಗ ನನ್ನ ಪಕ್ಕದ ಖೋಲಿ ಕಸ್ತೂರಿಬಾಯಿದು. ವಿಜಯಪುರದ ಕಡೆಯಾಕಿ, ಆದ್ರ ಹುಟ್ಟಿದ್ದು ಯಾವ ಊರಾಗ ಅಂತ ಆಕಿಗೂ ಗೊತ್ತಿಲ್ಲ. ಅಪ್ಪ-ಅವ್ವ ಕಬ್ಬು ಕಡಿಯೋ ಗ್ಯಾಂಗಿನ್ಯಾಗ ತಿರುಗೋರು. ಹೊಲದಾಗ ಹುಟ್ಟಿದ ಕೂಸಿನ ಹೆಸರು ಯಾರು ಬರೀತಾರ? ಸಾಲಿ ಇಲ್ಲ, ರೇಷನ್ ಕಾರ್ಡ್ ಇಲ್ಲ. ಆಧಾರ್ ಮಾಡಸಾಕ ಹೋದ್ರ ಇನ್ನೊಂದು ಕಾಗದ ತಾ ಅಂದ್ರು, ಆ ಕಾಗದ ಕೇಳಾಕ ಹೋದ್ರ ಆಧಾರ್ ತಾ ಅಂದ್ರು. ಅಡ್ಡಾಡಿ ಅಡ್ಡಾಡಿ ಬ್ಯಾಸತ್ತು ಬಿಟ್ಳು.

ಗಂಡ ಬಿಲ್ಡಿಂಗ್ ಮ್ಯಾಲಿಂದ ಬಿದ್ದು ಸತ್ತಾಗ ಆಕಿಗೆ ಏಳು ತಿಂಗಳು. ಹೆರಿಗಿ ನೋವು ಎದ್ದ ದಿನ ದವಾಖಾನಿಯವ ಆಧಾರ್ ಕಾರ್ಡ್ ಕೇಳಿದ. ಆಕಿ ಬಾಗಲಾಗ ಬಿದ್ದು ಒದರ್ತಿದ್ಳು. ಸಿಟ್ಟಿಲೆ ನನ್ನ ಕಾರ್ಡ್ ತಗದು ಅವನ ಮುಂದ ಒಗದೆ. ಫೋಟೋ ಯಾರು ನೋಡ್ತಾರ್ರೀ, ಕಾರ್ಡಿನ್ಯಾಗ ಎಲ್ಲಾರದೂ ಹೆದರಿದ ಮಾರಿನ! ಹಿಂಗ ಸ್ನೇಹಲ್ ಹುಟ್ಟಿದ್ಳು. ಜನನ ದಾಖಲೆದಾಗ ತಾಯಿ ಮಲ್ಲಕ್ಕ, ಅಂದ್ರ ನಾನು. ತಂದಿ ನನ್ನ ಗಂಡ. ಅವತ್ತ ಇಬ್ರೂ ಹುಚ್ಚರಂಗ ನಕ್ಕಿದ್ವಿ.

ಆರು ವರ್ಷ ಆತು. ಕಸ್ತೂರಿ ಮುಂಜಾನೆದ್ದು ನಾಕಾ ಚೌಕಿನ್ಯಾಗ ಕೂಲಿಗೆ ನಿಲ್ತಾಳ. ಕೆಲಸ ಸಿಕ್ರ ಬುಟ್ಟಿ ಹೊರ್ತಾಳ, ಸಿಗಲಿಲ್ಲಂದ್ರ ಯಾರದರ ಭಾಂಡೆ ತಿಕ್ತಾಳ. ಪೊಲೀಸರು ಕಾಗದ ಕೇಳಕೋತ ಬಂದ್ರ ನನ್ನ ಖೋಲಿಯಾಗ ಉಸಿರು ಹಿಡಕೊಂಡು ಕುಂದರ್ತಾಳ. ಹಟ ಒಂದ: ಮಗಳು ಸಾಲಿ ಕಲೀಬೇಕು, ತನ್ನಂಗ ಆಗಬಾರದು.

ಈ ಜೂನಿನ್ಯಾಗ ಹೆಸರು ಹಚ್ಚಾಕ ಕನ್ನಡ ಸಾಲಿಗೆ ಹೋದ್ವಿ. ದಾರಿಯಾಗ ನಾ ತಡೀಲಾರದ, "ಖರೇ ಹೇಳಿ ದಾಖಲೆ ತಿದ್ದಸೂಣು ನಡಿ," ಅಂದೆ.

"ತಿದ್ದಾಕ ನನ್ನ ಕಾರ್ಡ್ ಕೇಳ್ತಾರಕ್ಕಾ. ಎಲ್ಲಿಂದ ತರ್ಲಿ? ಇರೂದ ಇದೊಂದು ಕಾಗದ, ಇದೂ ಹೋದೀತು. ಸುಮ್ಮ ಸಹಿ ಮಾಡು."

ಸಾಲಿ ಫಾರ್ಮಿನ್ಯಾಗ ತಾಯಿ ಅಂತ ಬರದಲ್ಲಿ ಸಹಿ ಮಾಡಿದೆ.

ಹೆಸರು ಬರಕೊಳ್ಳೋ ಮೇಡಮ್ ಕಸ್ತೂರಿ ಕಡೆ ನೋಡಿ, "ಇವರು ಯಾರು?" ಅಂದ್ರು. ನಾ ತಂಗಿ ಅನ್ನೂದ್ರಾಗ ಆಕಿನ ಅಂದ್ಳು: "ಕೂಸಿನ್ನ ನೋಡ್ಕೊಳ್ಳಾಕ ಇಟ್ಟಾರ್ರೀ. ಬಿಡಾಕ, ಕರಕೊಂಡು ಹೋಗಾಕ ದಿನಾ ನಾನ ಬರ್ತೀನ್ರೀ."

ಸ್ನೇಹಲ್‌ಗೆ ಏನು ತಿಳೀತೋ, "ಅವ್ವಾ!" ಅಂತ ಆಕಿ ಸೀರಿ ಗಟ್ಟಿ ಹಿಡಕೊಂಡು ಅಳಾಕ ಹತ್ತಿದ್ಳು. ಮೇಡಮ್ ಬರಿಯೂದು ನಿಲ್ಲಿಸಿ ತಲಿ ಎತ್ತಿದ್ರು.

ಕಸ್ತೂರಿ ಬಗ್ಗಿ ಮಗಳ ಬೆರಳು ಒಂದೊಂದ ಬಿಡಿಸಿದ್ಳು. ನನ್ನ ಕಡೆ ದೂಡಿ, "ಅಲ್ಲಿ ನೋಡು, ಅವ್ವ ಅಲ್ಲಿ ಅದಾಳ," ಅಂದ್ಳು.

ನಾ ಎತ್ತಿಕೊಂಡೆ. ಮೇಡಮ್ ಫಾರ್ಮಿನ ಮ್ಯಾಲ ಶಿಕ್ಕಾ ಒತ್ತಿದ್ರು.