ರಸ್ತೆಯಿಂದ ತೆಗೆದ ಕಿಟಕಿ

ದೊಡ್ಡಮ್ಮನ ಎಡಗಣ್ಣು ಅವರು ಹೇಳಿದಂತೆ ಕೇಳುತ್ತಿತ್ತು. ಕೆನ್ನೆ ಸುಕ್ಕಾಗದೆ, ಹುಬ್ಬು ಅಲುಗದೆ ಅದೊಂದೇ ಮುಚ್ಚಿಕೊಳ್ಳುತ್ತಿತ್ತು. ಬಲಗಣ್ಣು ಅಗಲವಾಗಿ ತೆರೆದೇ ಇರುತ್ತಿತ್ತು. ಸೂಜಿಗೆ ನೂಲು ಪೋಣಿಸುವಾಗ ಹಾಗೆ ಮಾಡುತ್ತಿದ್ದರು. ಎದುರಿಗಿದ್ದವರು ಸುಳ್ಳು ಹೇಳುತ್ತಿದ್ದಾರೆ ಅನಿಸಿದಾಗಲೂ ಹಾಗೆಯೇ ಮಾಡುತ್ತಿದ್ದರು. ವಾಮದಪದವಿನ ಅವರ ಟೈಲರಿಂಗ್ ಅಂಗಡಿಗೆ ಬಂದ ಹೆಂಗಸರು, “ನಾನು ದಪ್ಪ ಆದದ್ದಲ್ಲ, ರವಿಕೆ ನೀವೇ ಬಿಗಿ ಹೊಲಿದದ್ದು” ಎಂದು ಶುರು ಮಾಡಿ, ಆ ಒಂಟಿಗಣ್ಣು ಕಂಡೊಡನೆ ನಕ್ಕುಬಿಡುತ್ತಿದ್ದರು.

ಅವರು ನನ್ನ ಅಮ್ಮನ ಅಕ್ಕ. ಅಮ್ಮ ಬೇಗ ತೀರಿಹೋದ ಕಾರಣ ಅಣ್ಣನನ್ನೂ ನನ್ನನ್ನೂ ದೊಡ್ಡದು ಮಾಡಿದ್ದು ಅವರೇ. ಅದಕ್ಕೂ ಮೊದಲು ಅವರು ಮುಂಬಯಿಯಲ್ಲಿದ್ದರು. ದೊಡ್ಡಪ್ಪ ಮತ್ತು ಅವರ ತಮ್ಮ ಸೇರಿ ಅಲ್ಲಿ ಹೋಟೆಲು ನಡೆಸುತ್ತಿದ್ದರು. ಕೆಳಗೆ ಹೋಟೆಲು, ಅದೇ ಕಟ್ಟಡದ ಎರಡನೇ ಮಾಳಿಗೆಯಲ್ಲಿ ಗಂಡ ಹೆಂಡತಿಗೆ ಒಂದು ಕೋಣೆ, ಕೋಣೆಗೆ ರಸ್ತೆಯ ಕಡೆ ಒಂದೇ ಕಿಟಕಿ. ತರಕಾರಿಯವನಿಗೆ ಹಗ್ಗ ಕಟ್ಟಿದ ಬುಟ್ಟಿ ಇಳಿಸಬೇಕೆಂದರೆ ಕಿಟಕಿಯ ಸರಳುಗಳ ನಡುವೆ ಬುಟ್ಟಿ ತೂರುತ್ತಿರಲಿಲ್ಲವಂತೆ. ಹೆಂಡತಿ ದಿನಾ ಮೆಟ್ಟಿಲು ಹತ್ತಿ ಇಳಿಯುವುದನ್ನು ನೋಡಿ ದೊಡ್ಡಪ್ಪ ಒಂದು ಭಾನುವಾರ ಕಬ್ಬಿಣದ ಪೈಪು ತಂದು, ಬೆವರಿಳಿಸಿಕೊಂಡು, ಎರಡು ಸರಳುಗಳನ್ನು ಒಂದನ್ನು ಆಚೆಗೆ, ಇನ್ನೊಂದನ್ನು ಈಚೆಗೆ ಬಗ್ಗಿಸಿಕೊಟ್ಟರು. ಅವರ ಪ್ರೀತಿಯ ಬಗ್ಗೆ ದೊಡ್ಡಮ್ಮ ಹೇಳಿದ್ದು ಇದೊಂದೇ ಕಥೆ. ಹೇಳುವಾಗಲೆಲ್ಲ ಎರಡೂ ಕೈಯಲ್ಲಿ ಸರಳು ಬಗ್ಗಿಸಿ ತೋರಿಸುತ್ತಿದ್ದರು.

ದೊಡ್ಡಪ್ಪ ಹಠಾತ್ತನೆ ಹೋದರು. ಬೊಜ್ಜಕ್ಕೆಂದು, ಅವರ ಉತ್ತರಕ್ರಿಯೆಗೆಂದು, ಊರಿಗೆ ಬಂದ ದೊಡ್ಡಮ್ಮ ಮುಗಿಸಿ ಹಿಂತಿರುಗಿದಾಗ ಕೋಣೆಗೆ ಬೇರೆ ಬೀಗ ಬಿದ್ದಿತ್ತು. ಕೋಣೆ ಹೋಟೆಲಿನ ಹೆಸರಿನಲ್ಲಿದೆ, ಹೋಟೆಲು ಇನ್ನು ತನ್ನದು ಎಂದು ಮೈದುನ ತಣ್ಣಗೆ ಹೇಳಿದರು. ಒಳಗಿದ್ದ ಟ್ರಂಕು, ಅದರಲ್ಲಿದ್ದ ಮದುವೆಯ ಫೋಟೋಗಳು ಎಲ್ಲಿ ಹೋದವೆಂದು ಯಾರಿಗೂ ಗೊತ್ತಿರಲಿಲ್ಲ. “ಈ ಮೆಟ್ಟಿಲು ಇನ್ನು ನಾನು ಹತ್ತುವುದಿಲ್ಲ” ಎಂದು ಮೆಟ್ಟಿಲಿನ ಮೇಲೆಯೇ ನಿಂತು ಹೇಳಿ ದೊಡ್ಡಮ್ಮ ಇಳಿದು ಬಂದರು. ಗಂಡನ ಒಂದೇ ಒಂದು ಚಿತ್ರವೂ ಅವರ ಬಳಿ ಇರಲಿಲ್ಲ.

ಇಷ್ಟು ಗೊತ್ತಿದ್ದೂ ನಮ್ಮಣ್ಣ, ಮಕ್ಕಳಿಗೆ ರಜೆ ಸಿಕ್ಕಿತೆಂದು ಮುಂಬಯಿ ಪ್ರವಾಸ ನಿಶ್ಚಯಿಸಿದ. ಬಂಟ್ವಾಳದಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ದೊಡ್ಡಮ್ಮನ ಮೈದುನ ಅಷ್ಟರಲ್ಲಿ ಫ್ಲೆಕ್ಸಿನಲ್ಲಿ ಕೈಮುಗಿದು ನಿಲ್ಲುವಷ್ಟು ದೊಡ್ಡ ಮನುಷ್ಯರಾಗಿದ್ದರು. ಪೊಳಲಿ ದೇವಸ್ಥಾನಕ್ಕೆ ಬಂದಾಗಲೆಲ್ಲ ಅಣ್ಣನ ಅಂಗಡಿಯಲ್ಲಿ ಕುಳಿತು ಸೋಡಾ ಕುಡಿದು ಹೋಗುತ್ತಿದ್ದರು. ಅಣ್ಣನಿಗೆ ಅದೊಂದು ಗೌರವ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಪ್ರವಾಸಕ್ಕೆ ಕ್ಯಾಮರಾ ಬೇಕೆಂದು ದೊಡ್ಡಮ್ಮ ಹೇಳಿದಾಗ ಅಣ್ಣ ತನ್ನ ಹೊಸ ಮೊಬೈಲು ತೋರಿಸಿದ.

“ಇದರಲ್ಲಿ ಎಲ್ಲ ಬರ್ತದೆ ದೊಡ್ಡಮ್ಮ. ಇಡೀ ಸಮುದ್ರ ಒಂದೇ ಫೋಟೋದಲ್ಲಿ ಹಿಡಿಯುತ್ತದೆ.”

“ಸಮುದ್ರ ನನಗೆಂತಕ್ಕೆ? ಅದು ಮಂಗಳೂರಿನಲ್ಲೂ ಉಂಟು. ನನಗೆ ಕಿಟಕಿ ಬೇಕು.”

“ಅದಕ್ಕೂ ನಾನು ಮಾತಾಡಿದ್ದೇನೆ. ಈಗ ಆ ಕೋಣೆಯಲ್ಲಿ ಹೋಟೆಲಿನ ಹುಡುಗರು ಮಲಗುದಂತೆ. ನಿಮ್ಮ ಮೈದುನರೇ ಬೀಗದ ಕೈ ಕೊಡ್ತಾರೆ. ಒಳಗೆ ಹೋಗಿ ಎಷ್ಟು ಬೇಕಾದರೂ ತೆಗೆಯಿರಿ.”

ಎಡಗಣ್ಣು ಮುಚ್ಚಿತು. “ಅವನು ತೆಗೆದುಕೊಟ್ಟ ಬಾಗಿಲಿನಿಂದ ಆ ಕಿಟಕಿ ನನಗೆ ಬೇಡ. ರಸ್ತೆಯಿಂದ ತೆಗೀತೇನೆ. ರಸ್ತೆಗೆ ಬೀಗ ಹಾಕುದಕ್ಕೆ ಅವನಿಂದ ಆಗುದಿಲ್ಲ ಅಲ್ವಾ? ರಸ್ತೆ ಯಾರಪ್ಪನದ್ದೂ ಅಲ್ಲ.”

ನಾನು ಆಗ ಮೂಡುಬಿದಿರೆಯಲ್ಲಿ ಕೆಲಸದಲ್ಲಿದ್ದೆ. ಅಲ್ಲಿ ಮದುವೆಯ ಫೋಟೋಗ್ರಾಫರುಗಳು ಹೋಗುವ ಕ್ಯಾಮರಾ ಅಂಗಡಿಯೊಂದಕ್ಕೆ ಅವರನ್ನು ಕರೆದುಕೊಂಡು ಹೋದೆ. ಕುಟುಂಬ, ದೊಡ್ಡ ಊರು, ಪ್ರವಾಸ ಎಂದ ಕೂಡಲೇ ಅಂಗಡಿಯವರು ಅಂಗೈಯಗಲದ ಕ್ಯಾಮರಾ ಮೇಜಿನ ಮೇಲಿಟ್ಟರು. ಹಗುರ, ರೈಲಿನ ರಶ್ಶಿನಲ್ಲಿ ತೊಂದರೆ ಇಲ್ಲ, ಮಕ್ಕಳು ಮರಿಗಳೆಲ್ಲ ಒಟ್ಟಿಗೆ ಬೀಳುತ್ತಾರೆ ಎಂದು ವಿವರಿಸಿದರು. ಅವರು ಹೇಳಿದ್ದು ಸರಿಯೇ ಇತ್ತು. ಪ್ರವಾಸಕ್ಕೆ ಹೋಗುವ ಯಾರಿಗಾದರೂ ನಾನೂ ಅದನ್ನೇ ಹೇಳುತ್ತೇನೆ.

“ದೂರದ್ದು ಉಂಟಾ?” ದೊಡ್ಡಮ್ಮ ಕೇಳಿದರು.

“ಎಷ್ಟು ದೂರದ್ದು ಅಮ್ಮ?”

“ರಸ್ತೆಯ ಆಚೆ ಬದಿಯಿಂದ ಎರಡನೇ ಮಾಳಿಗೆ. ಸರಳು ಬಗ್ಗಿದ್ದು ಕಾಣಬೇಕು.”

ಅಂಗಡಿಯವರು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಒಳಗಿನಿಂದ ಒಂದೊಂದೇ ಲೆನ್ಸು ಬಂತು. ದೊಡ್ಡಮ್ಮ ಪ್ರತಿಯೊಂದನ್ನೂ ಕ್ಯಾಮರಾಕ್ಕೆ ಹಾಕಿಸಿಕೊಂಡು ಹೊರಗೆ ಒಯ್ದು, ಜಗಲಿಯ ಕಂಬಕ್ಕೆ ಒರಗಿ, ಎಡಗಣ್ಣು ಮುಚ್ಚಿ ಎದುರು ಕಟ್ಟಡದ ಮೇಲಿನ ಕಿಟಕಿಗೆ ಹಿಡಿದರು. ಅದು ಹಲ್ಲಿನ ಡಾಕ್ಟರರ ಕ್ಲಿನಿಕ್ಕು. ಮೊದಲಿನದರಲ್ಲಿ ಬರೀ ಗೋಡೆ ಕಂಡಿತಂತೆ. ಆಮೇಲಿನದರಲ್ಲಿ ಕಿಟಕಿ, ಪರದೆ. ಕೊನೆಗೆ ಒಂದು ಉದ್ದನೆಯ ಲೆನ್ಸು ತಿರುಗಿಸುತ್ತ ಇದ್ದಕ್ಕಿದ್ದಂತೆ ನಕ್ಕರು. “ಇದು ಆದೀತು ಮಾರಾಯ್ತಿ. ಬಾಯಿ ತೆರೆದವನ ದವಡೆ ಹಲ್ಲು ಕಾಣ್ತದೆ.”

ಸಾಕಷ್ಟು ಭಾರದ ವಸ್ತು. ಇಷ್ಟು ಉದ್ದದ್ದಕ್ಕೆ ಮೂರು ಕಾಲಿನ ಟ್ರೈಪಾಡ್ ಬೇಕು, ಇಲ್ಲದಿದ್ದರೆ ಚಿತ್ರ ಅಲುಗುತ್ತದೆ ಎಂದು ಅಂಗಡಿಯವರು ಎಚ್ಚರಿಸಿದರು. “ಕಾಲು ಊರಲಿಕ್ಕೆ ಹೋದರೆ ಎಬ್ಬಿಸಲಿಕ್ಕೆ ಜನ ಬರ್ತಾರೆ. ನಿಂತು ತೆಗೀತೇನೆ” ಎಂದರು ದೊಡ್ಡಮ್ಮ. ಕಂಪನಿಯ ಕಪ್ಪು ಚೀಲವನ್ನೂ ಬೇಡವೆಂದರು. ದೂರದಿಂದಲೇ ಕ್ಯಾಮರಾ ಎಂದು ಗೊತ್ತಾಗುತ್ತದಂತೆ. ತಮ್ಮ ಟೈಲರಿಂಗ್ ಅಂಗಡಿಯಲ್ಲಿ ಉಳಿದ ಲೈನಿಂಗ್ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಹೊಲಿದು, ಒಳಗೆ ಹಳೆ ಕಂಬಳಿ ಇಟ್ಟು, ಥೇಟ್ ತರಕಾರಿ ಚೀಲದ ಹಾಗಿನ ಚೀಲ ಮಾಡಿಕೊಂಡರು. ಹೊರಡುವವರೆಗೆ ವಾಮದಪದವಿನ ಪೇಟೆಯಲ್ಲೇ ಅಭ್ಯಾಸ ನಡೆಯಿತು. ಬೆಳ್ತಂಗಡಿ ಕಡೆಯಿಂದ ಬರುವ ಬಸ್ಸಿನ ಬೋರ್ಡು ತಿರುವಿನಲ್ಲಿರುವಾಗಲೇ ಅವರ ಲೆನ್ಸಿನಲ್ಲಿ ಕಾಣುತ್ತಿತ್ತು. “ಬಸ್ಸು ಬಂತಾ ಅಕ್ಕ?” ಎಂದು ಎದುರಿನ ಗೂಡಂಗಡಿಯವರು ಅವರನ್ನೇ ಕೇಳತೊಡಗಿದರು.

ಮುಂಬಯಿಯಲ್ಲಿ ಅಣ್ಣ ನಮ್ಮನ್ನು ಎಲ್ಲೆಲ್ಲೋ ಸುತ್ತಿಸಿದ. ಕಿಟಕಿಯ ಮಾತು ಬಂದರೆ ನಾಳೆ ಎನ್ನುತ್ತಿದ್ದ. ಆ ಲೆನ್ಸಿಗೆ ಹತ್ತಿರದವರು ಹಿಡಿಸುತ್ತಲೂ ಇರಲಿಲ್ಲ. ದೊಡ್ಡಮ್ಮ ತೆಗೆದ ಪ್ರವಾಸದ ಚಿತ್ರಗಳಲ್ಲಿ ಒಂದರಲ್ಲಿ ಅಣ್ಣನ ಕಿವಿ, ಇನ್ನೊಂದರಲ್ಲಿ ವಡಾಪಾವ್ ತುಂಬಿದ ಮಗುವಿನ ಗಲ್ಲ. “ಇದು ಮುಂಬಯಿ ಎಂದು ಯಾರು ನಂಬ್ತಾರೆ?” ಎಂದು ಅಣ್ಣನ ಹೆಂಡತಿ ಹಣೆ ಚಚ್ಚಿಕೊಂಡಳು. ಮೂರನೆಯ ಬೆಳಿಗ್ಗೆ ದೊಡ್ಡಮ್ಮ ಚಪ್ಪಲಿ ಹಾಕಿಕೊಂಡು ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತರು. “ನೀವು ಬರುವುದಾದರೆ ಬನ್ನಿ. ದಾರಿ ನನಗೆ ಗೊತ್ತುಂಟು.” ಎಲ್ಲರೂ ಹಿಂದೆ ಹೋದೆವು.

ರಸ್ತೆ ಅಗಲವಾಗಿತ್ತು, ಹೋಟೆಲಿಗೆ ಗಾಜಿನ ಬಾಗಿಲು ಬಂದಿತ್ತು. ಮೇಲಿನ ಮಾಳಿಗೆಗಳು ಮಾತ್ರ ಹಾಗೆಯೇ ಕಪ್ಪುಗಟ್ಟಿ ನಿಂತಿದ್ದವು. ದೊಡ್ಡಮ್ಮ ಆಚೆ ಬದಿಯ ಫುಟ್‌ಪಾತಿನಲ್ಲಿ ದೀಪದ ಕಂಬಕ್ಕೆ ಬೆನ್ನು ಕೊಟ್ಟು ನಿಂತು ಎಡಗಣ್ಣು ಮುಚ್ಚಿದರು. ನನ್ನ ಬರಿಗಣ್ಣಿಗೆ ಒಣಹಾಕಿದ ಬನಿಯನ್ನುಗಳಷ್ಟೇ ಕಂಡವು. ಅವರು ಲೆನ್ಸು ತಿರುಗಿಸಿದರು, ಕಾದರು. ಗಾಳಿಗೆ ಒಂದು ಬನಿಯನ್ ಸರಿದಿರಬೇಕು.

“ಉಂಟು,” ಅಂದರು. “ಬಗ್ಗಿದ್ದು ಹಾಗೇ ಉಂಟು.” ಕೈ ಅಲುಗಲಿಲ್ಲ.

ಅಷ್ಟರಲ್ಲಿ ಗಾಜಿನ ಬಾಗಿಲು ತೆರೆದು ಮೈದುನ ಬಂದರು. ವಾಹನಗಳ ನಡುವೆ ಕೈಯೆತ್ತಿಕೊಂಡೇ ರಸ್ತೆ ದಾಟಿ, ಸರಿಯಾಗಿ ದೊಡ್ಡಮ್ಮನ ಮುಂದೆ ನಿಂತರು. ಕೈಯಲ್ಲಿ ಬೀಗದ ಕೈ ಇತ್ತು.

“ಎಂತ ಅತ್ತಿಗೆ, ರಸ್ತೆಯಲ್ಲಿ ನಿಂತದ್ದು? ಜನ ಏನು ಹೇಳಿಯಾರು? ಮೇಲೆ ಹೋಗುವ, ಬನ್ನಿ.”

ದೊಡ್ಡಮ್ಮ ಕ್ಯಾಮರಾ ಇಳಿಸಲಿಲ್ಲ.

“ಸ್ವಲ್ಪ ಬದಿಗೆ ನಿಲ್ಲು,” ಅಂದರು. “ಅಡ್ಡ ಬರ್ತಾ ಇದ್ದೀಯ.”

ಅಣ್ಣ ಮಕ್ಕಳ ಕೈ ಹಿಡಿದು ಬೇರೆಲ್ಲೋ ನೋಡತೊಡಗಿದ. ಮೈದುನ ಬದಿಗೆ ನಿಲ್ಲಲಿಲ್ಲ. ಏನೋ ಗೊಣಗುತ್ತ ಅಲ್ಲೇ ನಿಂತರು. ದೊಡ್ಡಮ್ಮನೇ ಕಂಬದ ಇನ್ನೊಂದು ಬದಿಗೆ ಸರಿದು ಒಂದರ ಮೇಲೊಂದು ಚಿತ್ರ ತೆಗೆದರು. ನಾನು ನನ್ನ ಮೊಬೈಲು ಹಿಡಿದು ಎದುರಿನಿಂದ ಅವರನ್ನು ತೆಗೆದೆ. ಜೀವಮಾನದಲ್ಲೇ ನನಗೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಆ ಕಿಟಕಿ ದೊಡ್ಡದಾಗಿ ಪ್ರಿಂಟಾಗಿ, ಕಟ್ಟು ಹಾಕಿಸಿಕೊಂಡು ವಾಮದಪದವಿನ ಅಂಗಡಿಯ ಗೋಡೆಗೆ ಬಂತು. ಬನಿಯನ್ನುಗಳ ನಡುವೆ ತುಕ್ಕು ಹಿಡಿದ ಎರಡು ಸರಳುಗಳು, ಒಂದು ಆಚೆಗೆ, ಒಂದು ಈಚೆಗೆ. “ಯಾರ ಮನೆಯದ್ದು ಅಕ್ಕ ಇದು?” ಎಂದು ಗಿರಾಕಿಗಳು ಕೇಳುತ್ತಿದ್ದರು. “ನನ್ನದು” ಎಂದು ಹೇಳಿ ಮೆಷಿನು ತುಳಿಯುತ್ತಿದ್ದರು. ಅದಕ್ಕಿಂತ ಹೆಚ್ಚು ಯಾರಿಗೂ ವಿವರಿಸಿದವರಲ್ಲ.

ಹೋದ ವರ್ಷ ಅವರು ಹೋದರು. ಅಂಗಡಿ ಮುಚ್ಚಿ ಬಂದು, ಚಾ ಕುಡಿದು, ಎದೆ ಹಿಡಿದುಕೊಂಡರು. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು. ಬೊಜ್ಜದ ದಿನ ಸಭಾಭವನದಲ್ಲಿ ಹೂವು ಹಾಕಲು ಒಂದು ಫೋಟೋ ಬೇಕಲ್ಲ, ಅಣ್ಣ ಆಧಾರ್ ಕಾರ್ಡಿನದ್ದನ್ನೇ ದೊಡ್ಡದು ಮಾಡಿಸಲು ಹೊರಟ. ನಾನು ಮುಂಬಯಿಯದ್ದು ಕೊಟ್ಟೆ.

“ನಿನಗೆ ಮಂಡೆ ಸಮ ಉಂಟಾ? ಇದರಲ್ಲಿ ದೊಡ್ಡಮ್ಮನ ಮುಖ ಎಲ್ಲುಂಟು? ಅರ್ಧ ಕ್ಯಾಮರಾವೇ ಉಂಟು.”

“ಉಳಿದರ್ಧ ಸಾಕು.”

“ನಾಲ್ಕು ಜನ ಬರ್ತಾರೆ. ಅವರ ಮೈದುನರೂ ಬರ್ತಾರೆ ಮುಂಬಯಿಯಿಂದ.”

“ಬರಲಿ. ಇದನ್ನು ಇಡುವುದಿಲ್ಲವಾದರೆ ನಾನು ಸಭಾಭವನಕ್ಕೆ ಬರುವುದಿಲ್ಲ.” ಹಾಗೆ ಹೇಳಲು ನನಗೆ ಕಲಿಸಿದವರು ಯಾರೆಂದು ಅಣ್ಣನಿಗೂ ಗೊತ್ತಿತ್ತು. ಅವನು ಫ್ರೇಮು ಹಾಕಿಸಿ ತಂದ.

ಅವರು ಬಂದರು. ಬಿಳಿ ಪಂಚೆ, ಶಾಲು, ಹಿಂದೆ ಮುಂದೆ ಜನ. ಹೂವಿನ ತಟ್ಟೆಯಿಂದ ಎಸಳುಗಳನ್ನು ಎತ್ತಿಕೊಂಡು ಫೋಟೋದ ಮುಂದೆ ಹೋದರು. ಮಾಲೆಯ ನಡುವಿನಿಂದ ಉದ್ದನೆಯ ಲೆನ್ಸು ನೇರ ಅವರ ಮುಖವನ್ನೇ ನೋಡುತ್ತಿತ್ತು. ಅದರ ಪಕ್ಕದಲ್ಲಿ ಸುಕ್ಕಿಲ್ಲದೆ ಮುಚ್ಚಿದ ಎಡಗಣ್ಣು. ಅವರ ಕೈಯಲ್ಲಿದ್ದ ಎಸಳು ಬೀಳಲಿಲ್ಲ. ನಾನು ಪಕ್ಕದಲ್ಲೇ ನಿಂತಿದ್ದೆ. ಕೊನೆಗೆ ಅವರು ಹೂವು ಹಾಕಿದರು. ಆಮೇಲೆ ಯಾರೂ ಹೇಳದೆಯೇ, ಸ್ವಲ್ಪ ಬದಿಗೆ ಸರಿದು ನಿಂತರು.